ಗ್ಯಾಸಿನ ಕ್ಯಾಪ್ಸೂಲ್, ರಾತ್ರಿಯ ಚುಚ್ಚುಮದ್ದು ಮತ್ತು ಸೆರೊಟೋನಿನ್ ಗ್ರಾಹಕಗಳು: ಪಾರ್ಕಿನ್ಸನ್ ರೋಗಿಯೊಬ್ಬರ ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ ಮಲೆನಾಡಿನ ಅಡಿಕೆ ಬೆಳೆಗಾರ ಕುಟುಂಬವೊಂದರ ಹಿರಿಯ ಗೃಹಿಣಿ. ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟು, ಕಾಯಿಲೆ ಸಾಗಿದ ಕ್ರಮ, ಔಷಧಗಳ ಪ್ರಮಾಣ ಮತ್ತು ಪ್ರತಿ ಹಂತದ ನಿರ್ಧಾರಕ್ಕಿದ್ದ ಕಾರಣಗಳನ್ನು ಮಾತ್ರ ಇಲ್ಲಿ ಉಳಿಸಿಕೊಳ್ಳಲಾಗಿದೆ. ಪಾರ್ಕಿನ್ಸನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಕೊರತೆಯ ಕಾಯಿಲೆ ಎಂಬುದು ಇಂದು ಸಾಮಾನ್ಯ ತಿಳಿವಳಿಕೆ. ಆದರೆ ಈ ರೋಗಿಯ ಚಿಕಿತ್ಸೆಯಲ್ಲಿ ಬಂದ ಮುಖ್ಯ ತಿರುವುಗಳಲ್ಲಿ ಒಂದನ್ನೂ ಸೆರೊಟೋನಿನ್ ಎಂಬ ಇನ್ನೊಂದು ಸಂದೇಶವಾಹಕದ ಗ್ರಾಹಕಗಳನ್ನು, ಅಂದರೆ ನರಕೋಶದ ಮೇಲೆ ಅದು ಬಂದು ಅಂಟುವ ತಾಣಗಳನ್ನು, ಬಿಟ್ಟು ವಿವರಿಸಲಾಗದು. ಸೆರೊಟೋನಿನ್ ಹೆಚ್ಚಾಯಿತೇ, ಕಡಿಮೆಯಾಯಿತೇ ಎಂಬ ಪ್ರಶ್ನೆಯಿಂದ ಇಂಥ ಪ್ರಕರಣದಲ್ಲಿ ಏನೂ ತಿಳಿಯುವುದಿಲ್ಲ. ಔಷಧವು ಯಾವ ಗ್ರಾಹಕವನ್ನು ಮುಟ್ಟುತ್ತದೆ, ಆ ಗ್ರಾಹಕ ಯಾವ ನರಕೋಶದ ಮೇಲಿದೆ, ಅದೇ ಔಷಧ ಜೊತೆಯಲ್ಲಿ ಡೋಪಮೈನ್ ಗ್ರಾಹಕವನ್ನೂ ಮುಚ್ಚುತ್ತದೆಯೇ ಎಂದು ಕೇಳಿದರೆ ಮಾತ್ರ ದಾರಿ ಕಾಣುತ್ತದೆ.

ಹಿನ್ನೆಲೆ

ರೋಗಿಗೆ 61 ವರ್ಷ, ತೂಕ 46 ಕಿಲೋ. ಕಾಯಿಲೆ 52ನೇ ವಯಸ್ಸಿನಲ್ಲಿ ಬಲಗೈಯ ನಡುಕದಿಂದ ಶುರುವಾಗಿತ್ತು. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತಿತ್ತು, ಲೋಟಕ್ಕೆ ಕೈ ಚಾಚಿದೊಡನೆ ನಡುಕ ತಗ್ಗುತ್ತಿತ್ತು. ವರ್ಷದೊಳಗೆ ನಡಿಗೆಯೂ ನಿಧಾನವಾಯಿತು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮತ್ತು ಅದಕ್ಕೆ ಜೊತೆಯಾಗಿ ಕೊಡುವ ಕಾರ್ಬಿಡೋಪಾ ಸೇರಿದ ಮಾತ್ರೆ ಆರಂಭಿಸಿದ ಮೇಲೆ ನಾಲ್ಕೈದು ವರ್ಷ ಅವರು ಅಡುಗೆ, ತೋಟ, ದೇವರ ಹೂವು ಎಲ್ಲವನ್ನೂ ಮೊದಲಿನಂತೆ ನೋಡಿಕೊಂಡಿದ್ದರು.

ಆರನೆಯ ವರ್ಷದ ಹೊತ್ತಿಗೆ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗಿತು. ಪ್ರಮಾಣ ಏರುತ್ತ ಹೋಗಿ, 100 ಮಿಲಿಗ್ರಾಂ ಲೆವೊಡೋಪಾದ ಮಾತ್ರೆಯನ್ನು ಒಂದೂವರೆಯಂತೆ ದಿನಕ್ಕೆ ಐದು ಸಲ, ಅಂದರೆ 750 ಮಿಲಿಗ್ರಾಂ ತೆಗೆದುಕೊಳ್ಳುವಂತಾಯಿತು. ಇದರ ಜೊತೆಗೆ ಡೋಪಮೈನ್ ಗ್ರಾಹಕಗಳನ್ನು ಪ್ರಚೋದಿಸುವ ಪ್ರಾಮಿಪೆಕ್ಸಾಲ್, ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್, ಕಳವಳಕ್ಕೆಂದು ಎಸ್‌ಸಿಟಾಲೊಪ್ರಾಮ್ ಸೇರಿದ್ದವು. ತೂಕಕ್ಕೆ ಹೋಲಿಸಿದರೆ ಲೆವೊಡೋಪಾದ ಪ್ರಮಾಣ ಬಹಳ ಹೆಚ್ಚಿತ್ತು. ಕಡಿಮೆ ವಯಸ್ಸಿನಲ್ಲಿ ಕಾಯಿಲೆ ಶುರುವಾಗಿರುವುದು, ಹೆಣ್ಣಾಗಿರುವುದು, ತೂಕ ಕಡಿಮೆಯಿರುವುದು, ದಿನಕ್ಕೆ 400 ಮಿಲಿಗ್ರಾಂ ಮೀರಿದ ಲೆವೊಡೋಪಾ, ಇವೆಲ್ಲವೂ ಡಿಸ್ಕೈನೇಸಿಯಾದ ಅಪಾಯವನ್ನು ಹೆಚ್ಚಿಸುತ್ತವೆ. ಈ ರೋಗಿಯಲ್ಲಿ ನಾಲ್ಕೂ ಕೂಡಿದ್ದವು.

ಡಿಸ್ಕೈನೇಸಿಯಾ ಅಂದರೆ ಬೇಡವೆಂದರೂ ನಿಲ್ಲದ ಚಲನೆ. ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಇವರ ಬಲತೋಳು ತಿರುಚಿಕೊಳ್ಳತೊಡಗುತ್ತಿತ್ತು, ಕುತ್ತಿಗೆ ಓಲಾಡುತ್ತಿತ್ತು, ಕುಳಿತಲ್ಲಿ ಕಾಲು ಕುಣಿಯುತ್ತಿತ್ತು. ಹೂ ಕಟ್ಟುವಾಗ ಬಾಳೆನಾರಿನ ಗಂಟು ಬಿಗಿಯಬೇಕು ಎನ್ನುವಷ್ಟರಲ್ಲಿ ಕೈ ಎಳೆದು ನಾರು ಹರಿದುಹೋಗುತ್ತಿತ್ತು. ಒಂದೂವರೆ ಗಂಟೆ ಹೀಗೆ ಕಳೆದ ಮೇಲೆ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮುಂದಿನ ಮಾತ್ರೆಯವರೆಗೆ ಬಿಗಿತ ಮತ್ತು ನಡುಕ. ಬೇರೊಂದು ಊರಿನ ತಜ್ಞರು ಅಮಾಂಟಡಿನ್ ಆರಂಭಿಸಿದರು. ಡಿಸ್ಕೈನೇಸಿಯಾಕ್ಕೆ ಅತಿ ಹೆಚ್ಚು ಪುರಾವೆಯಿರುವ ಔಷಧ ಅದೇ ಆದ್ದರಿಂದ ಆ ಆಯ್ಕೆ ಸರಿಯಾಗಿಯೇ ಇತ್ತು. ದಿನಕ್ಕೆ 100 ಮಿಲಿಗ್ರಾಂನಲ್ಲಿ ಕುಣಿತ ಇಳಿಯಿತು. ಇನ್ನೂ ಇಳಿಯಲೆಂದು 200 ಮಿಲಿಗ್ರಾಂಗೆ ಏರಿಸಲಾಯಿತು.

ಸಮಸ್ಯೆ ಕೈಮೀರಿದ್ದು

ಎರಡು ತಿಂಗಳ ನಂತರ ರೋಗಿಗೆ ಇಲ್ಲದವರು ಕಾಣಿಸತೊಡಗಿದರು. ಮೊದಲು ಕಣ್ಣಂಚಿನಲ್ಲಿ ಬೆಕ್ಕು ಸರಿದಂತೆ. ಆಮೇಲೆ ಸಂಜೆಯ ಹೊತ್ತು ಜಗಲಿಯ ಮೇಲೆ ಸಾಲಾಗಿ ಕುಳಿತ ಚಿಕ್ಕ ಮಕ್ಕಳು. ಅವರು ಹೆದರಲಿಲ್ಲ. “ಆ ಮಕ್ಳಿಗೆ ಒಂದು ಹಿಡಿ ಅವಲಕ್ಕಿ ಕೊಡೇ, ಆಗಿಂದ ಕೂತಿದಾವೆ” ಎಂದು ಸೊಸೆಗೆ ಹೇಳುತ್ತಿದ್ದರು. ಪಾರ್ಕಿನ್ಸನ್ನಿನಲ್ಲಿ ದೃಶ್ಯಭ್ರಮೆ ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತದೆ: ಮಾತಾಡದ ಮಕ್ಕಳು, ಪ್ರಾಣಿಗಳು, ಹಾದುಹೋಗುವ ನೆರಳು. ಈ ಹಂತದಲ್ಲಿ ಔಷಧಗಳನ್ನು ಕಡಿಮೆ ಮಾಡಿದರೆ ಬಹುಪಾಲು ರೋಗಿಗಳು ಸುಧಾರಿಸಿಕೊಳ್ಳುತ್ತಾರೆ. ಮನೆಯವರು ಇದನ್ನು ವಯಸ್ಸಿನ ಅರಳುಮರಳು ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಒಂದು ರಾತ್ರಿ ಆ ಮಕ್ಕಳನ್ನು ಯಾರೋ ಹೊತ್ತೊಯ್ಯುತ್ತಿದ್ದಾರೆಂದು ರೋಗಿ ಕತ್ತಲಲ್ಲಿ ತೋಟಕ್ಕೆ ಇಳಿದರು. ಹಿಡಿದು ತಂದ ಮಗನನ್ನೇ ಕಳ್ಳನೆಂದು ದೂಡಿದರು. ಹತ್ತಿರದ ಚಿಕಿತ್ಸಾಲಯದಲ್ಲಿ ಭ್ರಮೆ, ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಚುಚ್ಚುಮದ್ದು ಕೊಟ್ಟು, ಅದೇ ಕೆಲಸದ ರಿಸ್ಪೆರಿಡೋನ್ ಮಾತ್ರೆಯನ್ನು ದಿನಕ್ಕೆರಡು ಸಲದಂತೆ ಬರೆದುಕೊಟ್ಟರು. ಬಿದ್ದು ನೋವಾಗಿದ್ದ ಸೊಂಟಕ್ಕೆ ಟ್ರಮಡಾಲ್ ಕೊಟ್ಟರು. ರಾತ್ರಿಯ ಆ ತುರ್ತಿನಲ್ಲಿ ಕೈಗೆ ಸಿಕ್ಕಿದ ಔಷಧ ಹ್ಯಾಲೊಪೆರಿಡಾಲ್, ಬೇರೆ ಬಹುಪಾಲು ರೋಗಿಗಳಿಗಾದರೆ ಸಲ್ಲುತ್ತಿತ್ತು. ಈ ರೋಗಿ ಮಾತ್ರ ಆರು ದಿನದೊಳಗೆ ಹಾಸಿಗೆ ಹಿಡಿದರು. ಮಗ್ಗುಲು ಬದಲಿಸಲಾಗಲಿಲ್ಲ, ಗಂಜಿ ಗಂಟಲಲ್ಲಿ ಇಳಿಯಲಿಲ್ಲ, ಮೈ ಬಿಸಿಯಾಯಿತು. ಅವರು ನಮ್ಮ ವಾರ್ಡಿಗೆ ಬಂದದ್ದು ಆ ಸ್ಥಿತಿಯಲ್ಲಿ.

ಮೊದಲ ರಾತ್ರಿಯ ಪ್ರಶ್ನೆ

ಜ್ವರ, ಬೆವರು, ಗೊಂದಲ, ಬಿಗಿದ ಮೈ, ಇಷ್ಟು ಲಕ್ಷಣಗಳಿಗೆ ಎರಡು ವಿವರಣೆಗಳಿದ್ದವು. ಎರಡರ ಚಿಕಿತ್ಸೆ ಬೇರೆಬೇರೆ. ಎಸ್‌ಸಿಟಾಲೊಪ್ರಾಮ್ ಮತ್ತು ಟ್ರಮಡಾಲ್ ಎರಡೂ ಸೆರೊಟೋನಿನ್ನಿನ ಮರುಹೀರಿಕೆಯನ್ನು ತಡೆಯುವಂಥವು. ಅವು ಒಟ್ಟಿಗೆ ಬಿದ್ದಾಗ ಸೆರೊಟೋನಿನ್ ಸಿಂಡ್ರೋಮ್ ಆಗಬಹುದು. ಅದರಲ್ಲಿ ಮಿದುಳುಬಳ್ಳಿ ಮತ್ತು ಬೆನ್ನುಹುರಿಯಲ್ಲಿರುವ ಸೆರೊಟೋನಿನ್ನಿನ 2ಎ ಹಾಗೂ 1ಎ ಬಗೆಯ ಗ್ರಾಹಕಗಳು ಅತಿಯಾಗಿ ಪ್ರಚೋದನೆಗೊಂಡು, ಮೊಣಕಾಲಿನ ಪ್ರತಿವರ್ತನೆ ಚುರುಕಾಗುತ್ತದೆ, ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರೆ ಅದು ತಾಳಬದ್ಧವಾಗಿ ಮಿಡಿಯುತ್ತದೆ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಹಂಟರ್ ಮಾನದಂಡದಲ್ಲಿ ಈ ಪಾದದ ಮಿಡಿತಕ್ಕೆ, ಅಂದರೆ ಕ್ಲೋನಸ್‌ಗೆ, ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ಈ ಕಾರಣಕ್ಕೆ. ಇನ್ನೊಂದು ಸಾಧ್ಯತೆ, ಡೋಪಮೈನಿನ ಡಿ2 ಎಂಬ ಬಗೆಯ ಗ್ರಾಹಕಗಳನ್ನು ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಒಮ್ಮೆಲೇ ಮುಚ್ಚಿದ್ದರಿಂದ ಉಂಟಾದ ತೀವ್ರ ಜಡತೆ.

ರೋಗಿಯ ಪಾದಗಳಲ್ಲಿ ಕ್ಲೋನಸ್ ಇರಲಿಲ್ಲ. ಪ್ರತಿವರ್ತನೆಗಳು ಮಂದವಾಗಿದ್ದವು. ಬಿಗಿತ ಕೈಕಾಲುಗಳೆರಡರಲ್ಲೂ ಸೀಸದ ಕೊಳವೆಯಂತೆ ಒಂದೇ ಸಮನಿತ್ತು. ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಸಿಪಿಕೆ ಕಿಣ್ವದ ಮಟ್ಟ ಸ್ವಲ್ಪವೇ ಏರಿತ್ತು. ಜ್ವರಕ್ಕೆ ಮೂತ್ರದ ಸೋಂಕು ಕಾರಣವಾಗಿ ಸಿಕ್ಕಿತು. ಹೀಗಾಗಿ ಡಿ2 ಮುಚ್ಚಿದ್ದರ ಪರಿಣಾಮ ಎಂಬ ತೀರ್ಮಾನಕ್ಕೆ ಬಂದು, ರಿಸ್ಪೆರಿಡೋನ್ ಮತ್ತು ಟ್ರಮಡಾಲ್ ನಿಲ್ಲಿಸಿ, ಲೆವೊಡೋಪಾವನ್ನು ಮೂಗಿನ ನಳಿಕೆಯ ಮೂಲಕ ಹೊತ್ತುಹೊತ್ತಿಗೆ ಕೊಡಲಾಯಿತು. ಗೊಂದಲದಲ್ಲಿರುವ ರೋಗಿಗೆ ಲೆವೊಡೋಪಾ ನಿಲ್ಲಿಸಬೇಕೆಂಬ ಸಲಹೆಯೂ ಆ ರಾತ್ರಿ ಬಂದಿತ್ತು. ಅದನ್ನು ಒಪ್ಪದಿದ್ದುದು ಈ ಪ್ರಕರಣದ ಮೊದಲ ಮುಖ್ಯ ನಿರ್ಧಾರ. ಬಿಗಿದಿರುವ ರೋಗಿಯ ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ರಿಸ್ಪೆರಿಡೋನನ್ನು ‘ಹೊಸ ತಲೆಮಾರಿನ’ ಔಷಧವೆಂದು ಕರೆಯುತ್ತಾರೆ, ಏಕೆಂದರೆ ಅದು 2ಎ ಸೆರೊಟೋನಿನ್ ಗ್ರಾಹಕವನ್ನು ಗಟ್ಟಿಯಾಗಿ ಹಿಡಿಯುತ್ತದೆ. 2ಎ ಮುಚ್ಚಿದರೆ ಡೋಪಮೈನ್ ಮೇಲಿನ ಅಂಕುಶ ಸಡಿಲವಾಗಿ ಚಲನೆಯ ತೊಂದರೆ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಸ್ಕಿಜೋಫ್ರೇನಿಯಾದ ರೋಗಿಗಳಲ್ಲಿ ಈ ತರ್ಕಕ್ಕೆ ಅರ್ಥವಿದೆ; ಅವರಲ್ಲಿ ಡಿ2 ಗ್ರಾಹಕಗಳ ಸುಮಾರು 80% ಮುಚ್ಚುವವರೆಗೆ ಸಾಮಾನ್ಯವಾಗಿ ಬಿಗಿತ ಕಾಣುವುದಿಲ್ಲ. ಪಾರ್ಕಿನ್ಸನ್ ರೋಗಿಯಲ್ಲಿ ಅಂಥ ಅಂತರವೇ ಉಳಿದಿರುವುದಿಲ್ಲ. ರಿಸ್ಪೆರಿಡೋನ್ ಡಿ2ವನ್ನೂ ಗಟ್ಟಿಯಾಗಿ ಹಿಡಿಯುವುದರಿಂದ 2ಎ ಕಡೆಯಿಂದ ಬರುವ ರಕ್ಷಣೆ ಇಲ್ಲಿ ಏನೂ ಸಾಲದು. ಅದೇ ಗುಂಪಿನ ಒಲಾಂಜಪಿನ್ ಮಾತೂ ಇದೇ. ಹೊಸ ಔಷಧ, ಹಳೆಯ ಔಷಧ ಎಂಬ ವಿಂಗಡಣೆಯನ್ನು ನಂಬಿ ಪಾರ್ಕಿನ್ಸನ್ ರೋಗಿಗೆ ಮಾತ್ರೆ ಬರೆಯಬಾರದು ಎಂದು ನಾನು ಕಿರಿಯ ವೈದ್ಯರಿಗೆ ಮತ್ತೆಮತ್ತೆ ಹೇಳುವುದು ಇದಕ್ಕಾಗಿ.

ಚೀಲ ಸುರಿದಾಗ

ರೋಗಿ ಚೇತರಿಸಿಕೊಳ್ಳತೊಡಗಿದ ಮೇಲೆ, ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ಚೀಟಿ ಇರಲಿ ಇಲ್ಲದಿರಲಿ, ತರುವಂತೆ ಸೊಸೆಗೆ ಹೇಳಲಾಯಿತು. ನಸುಗುನ್ನಿ ಬೀಜದ ಪುಡಿಯ ಬಗ್ಗೆ ಪ್ರತ್ಯೇಕವಾಗಿ ಕೇಳಿದೆವು. ಆ ಬೀಜದಲ್ಲಿ ಲೆವೊಡೋಪಾ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಷ್ಟು ಹಿಂದೆಯೇ ತೋರಿಸಿದ್ದರು. ಲೆಕ್ಕಕ್ಕೆ ಸಿಗದ ಲೆವೊಡೋಪಾ ಆ ದಾರಿಯಿಂದಲೂ ಕೆಲವರ ಹೊಟ್ಟೆ ಸೇರುತ್ತಿರುತ್ತದೆ. ಇವರು ಅದನ್ನು ತೆಗೆದುಕೊಂಡಿರಲಿಲ್ಲ. ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಸುರಿದಾಗ ಹೊರಬಿದ್ದದ್ದು ಅರ್ಧ ಖಾಲಿಯಾದ ಮೂರು ‘ಗ್ಯಾಸಿನ ಕ್ಯಾಪ್ಸೂಲ್’ ಪಟ್ಟಿಗಳು.

ಅದರಲ್ಲಿ ಆಮ್ಲ ತಗ್ಗಿಸುವ ರ‍್ಯಾಬಿಪ್ರಜೋಲ್ ಜೊತೆ 75 ಮಿಲಿಗ್ರಾಂ ಲೆವೊಸಲ್ಪಿರೈಡ್ ಇತ್ತು. ಮಾತ್ರೆಗಳಿಂದ ಹೊಟ್ಟೆ ಉಬ್ಬರಿಸುತ್ತದೆಂದು ಸುಮಾರು ಮೂರು ವರ್ಷದ ಹಿಂದೆ ಯಾರೋ ಬರೆದುಕೊಟ್ಟದ್ದು, ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಪಟ್ಟಿ ತೋರಿಸಿ ತರುತ್ತಲೇ ಇದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದಿನವೂ. ಅದನ್ನು ಔಷಧವೆಂದೇ ಅವರು ಎಣಿಸಿರಲಿಲ್ಲವಾದ್ದರಿಂದ ಯಾವ ವೈದ್ಯರಿಗೂ ಹೇಳಿರಲಿಲ್ಲ.

ಲೆವೊಸಲ್ಪಿರೈಡ್ ಎರಡು ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಕರುಳಿನ 4ನೇ ಬಗೆಯ ಸೆರೊಟೋನಿನ್ ಗ್ರಾಹಕವನ್ನು ಪ್ರಚೋದಿಸಿ ಜಠರದ ಚಲನೆಯನ್ನು ಚುರುಕಾಗಿಸುತ್ತದೆ. ಹೊಟ್ಟೆಗೆ ಸಿಗುವ ಆರಾಮಕ್ಕೆ ಇದೂ ಒಂದು ಕಾರಣ. ಜೊತೆಗೆ ಡಿ2ವನ್ನು ಮುಚ್ಚುತ್ತದೆ, ಅದೂ ಮಿದುಳಿನೊಳಗೆ ಹೋಗಿ. ಮೆಟೊಕ್ಲೊಪ್ರಮೈಡ್ ಕೂಡ ಇದೇ ಜೋಡಿಕೆಲಸದ್ದು. ಹೊಟ್ಟೆಯ ಗ್ರಾಹಕಕ್ಕೆಂದು ಕೊಟ್ಟ ಔಷಧ ತಲೆಯ ಗ್ರಾಹಕವನ್ನು ಮೂರು ವರ್ಷ ಮುಚ್ಚುತ್ತ ಬಂದಿತ್ತು. ಲೆವೊಡೋಪಾದ ಪ್ರಮಾಣ 450ರಿಂದ 750ಕ್ಕೆ ಏರಿದ್ದೂ ಅದೇ ಮೂರು ವರ್ಷಗಳಲ್ಲಿ. ಒಂದು ಮಾತ್ರೆ ಮುಚ್ಚುತ್ತಿದ್ದುದನ್ನು ಇನ್ನೊಂದರ ಪ್ರಮಾಣ ಏರಿಸಿ ತೆರೆಯುವ ಪ್ರಯತ್ನ ನಡೆದಿತ್ತು ಎಂಬುದು ಆ ಮಧ್ಯಾಹ್ನ ಸ್ಪಷ್ಟವಾಯಿತು.

ಕ್ಯಾಪ್ಸೂಲನ್ನು ಆ ದಿನವೇ ನಿಲ್ಲಿಸಲಾಯಿತು. ಅದರ ಫಲ ಪೂರ್ತಿ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಡಿ2 ತೆರೆದುಕೊಂಡ ಹಾಗೆ ಲೆವೊಡೋಪಾದ ಪರಿಣಾಮ ಬಲಿಯುತ್ತದೆ, ಆಗ ಡಿಸ್ಕೈನೇಸಿಯಾ ಕೂಡ ಏರುತ್ತದೆ ಎಂದು ಮನೆಯವರಿಗೆ ಮೊದಲೇ ತಿಳಿಸಿದ್ದೆವು. ಹಾಗೆಯೇ ಆಯಿತು.

ಔಷಧ ಇಳಿಸಿದ ಕ್ರಮ

ಭ್ರಮೆ ಕಂಡೊಡನೆ ಇನ್ನೊಂದು ಔಷಧ ಸೇರಿಸುವ ಮೊದಲು, ಇರುವವುಗಳಲ್ಲಿ ಯಾವುದನ್ನು ತೆಗೆಯಬಹುದೆಂದು ನೋಡಬೇಕು. ಮೊದಲು ಟ್ರೈಹೆಕ್ಸಿಫೆನಿಡಿಲ್ ಹೋಯಿತು. ಆಮೇಲೆ ಅಮಾಂಟಡಿನ್, ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ. ಕ್ರಿಯಾಟಿನಿನ್ 1.2 ಇದ್ದುದರಿಂದ ಮೂತ್ರಪಿಂಡ ಚೆನ್ನಾಗಿದೆ ಎಂದು ಎಲ್ಲ ಚೀಟಿಗಳಲ್ಲೂ ಬರೆದಿತ್ತು. 46 ಕಿಲೋ ತೂಕದ 61 ವರ್ಷದ ಹೆಂಗಸಿಗೆ ಲೆಕ್ಕ ಹಾಕಿದರೆ ಸೋಸುವ ಸಾಮರ್ಥ್ಯ ನಿಮಿಷಕ್ಕೆ ಸುಮಾರು 36 ಮಿಲಿಲೀಟರ್ ಮಾತ್ರ. ಅಮಾಂಟಡಿನ್ ಮೂತ್ರದಲ್ಲಿಯೇ ಹೊರಹೋಗಬೇಕಾದ ಔಷಧ. ಆದ್ದರಿಂದ 200 ಮಿಲಿಗ್ರಾಂ ಇವರ ಮೈಯಲ್ಲಿ ತುಂಬಿಕೊಂಡದ್ದು ಆಶ್ಚರ್ಯವಲ್ಲ. ಕೊನೆಗೆ ಪ್ರಾಮಿಪೆಕ್ಸಾಲ್ ಇಳಿಸಿ ನಿಲ್ಲಿಸಲಾಯಿತು. ಎಸ್‌ಸಿಟಾಲೊಪ್ರಾಮ್ ಉಳಿಯಿತು, ಥಟ್ಟನೆ ನಿಲ್ಲಿಸಿದರೆ ಕಳವಳ ಮರುಕಳಿಸುವ ಭಯವಿತ್ತು.

ಭ್ರಮೆ ಅರ್ಧದಷ್ಟು ಕಡಿಮೆಯಾಯಿತು, ಹೋಗಲಿಲ್ಲ. ಮಕ್ಕಳು ಈಗಲೂ ಸಂಜೆಗೆ ಬರುತ್ತಿದ್ದರು. ಅಮಾಂಟಡಿನ್ ಹೋಗಿ, ಲೆವೊಸಲ್ಪಿರೈಡ್ ಹೋಗಿ, ಡಿಸ್ಕೈನೇಸಿಯಾ ಮಾತ್ರ ಮೊದಲಿಗಿಂತ ಜೋರಾಗಿತ್ತು.

ಮಗ ಬರೆದ ವಹಿ

ಈ ಹಂತದಲ್ಲಿ ಮಗನಿಗೆ ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು ಗೆರೆ ಹಾಕಿಕೊಟ್ಟು, ಪ್ರತಿ ಸಾಲಿನಲ್ಲಿ ನಾಲ್ಕರಲ್ಲೊಂದನ್ನು ಗುರುತಿಸಲು ಹೇಳಲಾಯಿತು: ಬಿಗಿತ, ಸರಿ, ಕುಣಿತ, ನಿದ್ದೆ. ಮಾತ್ರೆ ಕೊಟ್ಟ ಹೊತ್ತನ್ನು ಕೆಂಪು ಶಾಯಿಯಲ್ಲಿ. ಇನ್ನೊಂದು ಕಾಲಂನಲ್ಲಿ ಬಾಯಿಯ ಚಲನೆ. ರೋಗಿ ತುಟಿ ಚಪ್ಪರಿಸುತ್ತಿದ್ದುದನ್ನು ಎಲ್ಲರೂ ಡಿಸ್ಕೈನೇಸಿಯಾದ ಭಾಗವೆಂದೇ ತಿಳಿದಿದ್ದರು.

ವಹಿ ಎರಡು ಬಗೆಯ ಚಲನೆಗಳನ್ನು ಬೇರ್ಪಡಿಸಿತು. ತೋಳು ಮತ್ತು ಕಾಲಿನ ಕುಣಿತ ಪ್ರತಿ ಕೆಂಪು ಗೆರೆಯ ಮುಕ್ಕಾಲು ಗಂಟೆಯ ನಂತರ ಏರಿ, ಒಂದೂವರೆ ಗಂಟೆಯಲ್ಲಿ ಇಳಿಯುತ್ತಿತ್ತು. ಅದು ಲೆವೊಡೋಪಾದ್ದು. ತುಟಿಯ ಚಪ್ಪರಿಕೆಗೆ ಮಾತ್ರೆಯ ಹೊತ್ತಿನ ಗೊಡವೆಯೇ ಇರಲಿಲ್ಲ. ಬಿಗಿತವಿದ್ದಾಗಲೂ ನಡೆಯುತ್ತಿತ್ತು, ನಿದ್ದೆಯಲ್ಲಿ ಮಾತ್ರ ನಿಲ್ಲುತ್ತಿತ್ತು. ಅದು ಟಾರ್ಡಿವ್ ಡಿಸ್ಕೈನೇಸಿಯಾ, ಡಿ2ವನ್ನು ದೀರ್ಘಕಾಲ ಮುಚ್ಚಿದ ಲೆವೊಸಲ್ಪಿರೈಡಿನ ಉಳಿಕೆ. ಇದು ತಿಳಿಯದೇ ಹೋಗಿದ್ದರೆ ಬಾಯಿಯ ಚಲನೆಯನ್ನು ತಗ್ಗಿಸಲೆಂದು ಲೆವೊಡೋಪಾವನ್ನು ಅನಗತ್ಯವಾಗಿ ಇಳಿಸಿ, ರೋಗಿಯನ್ನು ಇನ್ನಷ್ಟು ಬಿಗಿಯಾಗಿಸಬೇಕಾಗುತ್ತಿತ್ತು.

ವಹಿಯ ಆಧಾರದಲ್ಲಿ ಲೆವೊಡೋಪಾವನ್ನು 750ರಿಂದ 525ಕ್ಕೆ ತಂದು, ಮುಕ್ಕಾಲು ಮಾತ್ರೆಯಂತೆ ಏಳು ಸಲ ಹಂಚಲಾಯಿತು. ಕುಣಿತ ತಗ್ಗಿತು, ಸಾಕಷ್ಟಲ್ಲ.

ಸೆರೊಟೋನಿನ್ ನರಕೋಶಗಳು ಮಾಡುವ ಕೆಲಸ

ಮುಂದಿನ ಆಯ್ಕೆಗಳು ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆರೊಟೋನಿನ್ ತಯಾರಿಸುವ ನರಕೋಶಗಳು ಮಿದುಳುಬಳ್ಳಿಯ ನಡುಗೆರೆಯಲ್ಲಿ, ರಾಫೆ ಎಂಬ ಗುಂಪುಗಳಲ್ಲಿವೆ. ಸಂಖ್ಯೆ ಕಡಿಮೆಯಾದರೂ ಅವುಗಳ ಎಳೆಗಳು ಮಿದುಳಿನ ಬಹುತೇಕ ಎಲ್ಲ ಕಡೆಗೂ ಹಬ್ಬುತ್ತವೆ. ಚಲನೆಯನ್ನು ನಿಭಾಯಿಸುವ ಬೇಸಲ್ ಗ್ಯಾಂಗ್ಲಿಯಾದ ಸ್ಟ್ರೈಯಾಟಮ್, ಸಬ್‌ಸ್ಟಾನ್ಷಿಯಾ ನೈಗ್ರಾ, ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಗ್ಲೋಬಸ್ ಪ್ಯಾಲಿಡಸ್ ಎಲ್ಲಕ್ಕೂ ಅವು ತಲಪುತ್ತವೆ. ಸೆರೊಟೋನಿನ್ನಿಗೆ ಏಳು ಕುಟುಂಬಗಳ 14 ಬಗೆಯ ಗ್ರಾಹಕಗಳಿವೆ. 1ಎ ಗ್ರಾಹಕ ರಾಫೆ ನರಕೋಶಗಳ ಮೇಲೆಯೇ ಇದ್ದು ಅವುಗಳ ಕೆಲಸಕ್ಕೆ ತಡೆ ಹಾಕುತ್ತದೆ, ಜೊತೆಗೆ ಮಿದುಳಿನ ಹೊರಪದರವಾದ ತೊಗಟೆಯ ನರಕೋಶಗಳ ಮೇಲೂ ಇದೆ. 1ಬಿ ಎಳೆಗಳ ತುದಿಯಲ್ಲಿ ಕುಳಿತು ಬಿಡುಗಡೆಯನ್ನು ತಗ್ಗಿಸುತ್ತದೆ. 2ಎ ತೊಗಟೆಯಲ್ಲಿ ದಟ್ಟವಾಗಿದೆ. 2ಸಿ ನೈಗ್ರಾ ಮತ್ತು ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸಿನಲ್ಲಿದ್ದು ಡೋಪಮೈನಿಗೆ ಹಿಡಿತ ಹಾಕುತ್ತದೆ.

ಪಾರ್ಕಿನ್ಸನ್ನಿನಲ್ಲಿ ರಾಫೆಯೂ ಕುಗ್ಗುತ್ತದೆ. ಗ್ರಾಹಕಗಳಿಗೆ ಅಂಟುವ ಗುರುತುದ್ರವ್ಯ ಕೊಟ್ಟು ಮಿದುಳನ್ನು ಚಿತ್ರಿಸುವ ಪೆಟ್ ಸ್ಕ್ಯಾನ್ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು; ಅದರಲ್ಲಿ ರೋಗಿಗಳ ನಡುಮಿದುಳಿನ ರಾಫೆಯಲ್ಲಿ 1ಎ ಗ್ರಾಹಕಕ್ಕೆ ಆ ದ್ರವ್ಯ ಅಂಟುವ ಪ್ರಮಾಣ 27% ಕಡಿಮೆಯಾಗಿತ್ತು, ಆ ಇಳಿಕೆ ನಡುಕದ ತೀವ್ರತೆಗೆ ಹೊಂದುತ್ತಿತ್ತು. ಲೆವೊಡೋಪಾದಿಂದ ನಡುಕ ಕೆಲವರಲ್ಲಿ ಸರಿಯಾಗಿ ಇಳಿಯದೇ ಇರುವುದನ್ನು ಅರ್ಥಮಾಡಿಕೊಳ್ಳಲು ಇದೊಂದು ಸುಳಿವು. ಆದರೂ ಡೋಪಮೈನ್ ಎಳೆಗಳಷ್ಟು ಸೆರೊಟೋನಿನ್ ಎಳೆಗಳು ನಾಶವಾಗುವುದಿಲ್ಲ. ಡಿಸ್ಕೈನೇಸಿಯಾದ ಒಂದು ಮುಖ್ಯ ಮೂಲ ಇರುವುದು ಈ ಉಳಿದ ಎಳೆಗಳಲ್ಲಿ.

ಲೆವೊಡೋಪಾವನ್ನು ಡೋಪಮೈನ್ ಆಗಿಸುವ ಕಿಣ್ವ ಸೆರೊಟೋನಿನ್ ನರಕೋಶಗಳಲ್ಲೂ ಇದೆ. ಅದನ್ನು ಪುಟ್ಟ ಕೋಶಿಕೆಗಳಿಗೆ ತುಂಬುವ ವ್ಯವಸ್ಥೆಯೂ ಇದೆ. ಹಾಗಾಗಿ ಮಾತ್ರೆಯ ಲೆವೊಡೋಪಾ ಈ ನರಕೋಶಗಳನ್ನು ಹೊಕ್ಕು ಡೋಪಮೈನ್ ಆಗಿ ಹೊರಬರುತ್ತದೆ. ಆದರೆ ಹೊರಗೆ ಡೋಪಮೈನ್ ಎಷ್ಟಿದೆಯೆಂದು ಅಳೆದು ಬಿಡುಗಡೆಯನ್ನು ತಡೆಯುವ ಡಿ2 ಸ್ವಯಂಗ್ರಾಹಕ ಅವುಗಳಲ್ಲಿಲ್ಲ, ಹೆಚ್ಚಾದದ್ದನ್ನು ಮರಳಿ ಹೀರಿಕೊಳ್ಳುವ ಡೋಪಮೈನ್ ಸಾಗಣೆ ಪ್ರೋಟೀನ್ ಕೂಡ ಇಲ್ಲ. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ಡೋಪಮೈನ್ ಎಳೆಗಳು ಈ ಏರಿಳಿತವನ್ನು ನುಂಗಿಕೊಳ್ಳುತ್ತವೆ. ಅವೂ ಹೋದ ಮೇಲೆ ಪ್ರತಿ ಮಾತ್ರೆಗೂ ಡೋಪಮೈನ್ ಉಕ್ಕಿ, ಹಾಗೆಯೇ ಬತ್ತುತ್ತದೆ. ಮಗನ ವಹಿಯಲ್ಲಿದ್ದ ಏರಿಳಿತವೇ ಇದು. ಸ್ವೀಡನ್ನಿನ ಲುಂಡ್‌ನಲ್ಲಿ ಕಾರ್ಟಾ, ಬ್ಯೋರ್ಕ್‌ಲುಂಡ್ ಮತ್ತು ಸಂಗಡಿಗರು 2007ರಲ್ಲಿ ಇಲಿಗಳಲ್ಲಿ ಇದನ್ನು ಖಚಿತವಾಗಿ ತೋರಿಸಿದರು: ಸೆರೊಟೋನಿನ್ ಎಳೆಗಳನ್ನು ನಾಶಮಾಡಿದಾಗ, ಅಥವಾ 1ಎ ಮತ್ತು 1ಬಿ ಗ್ರಾಹಕಗಳನ್ನು ಪ್ರಚೋದಿಸಿ ಸುಮ್ಮನಿರಿಸಿದಾಗ, ಡಿಸ್ಕೈನೇಸಿಯಾ ಅಡಗಿತು. 2014ರಲ್ಲಿ ಮನುಷ್ಯರ ಪೆಟ್ ಸ್ಕ್ಯಾನಿನಲ್ಲಿ, 1ಎ ಪ್ರಚೋದಕವಾದ ಬಸ್‌ಪಿರೋನನ್ನು ಮೊದಲೇ ಕೊಟ್ಟರೆ ಲೆವೊಡೋಪಾದ ನಂತರದ ಡೋಪಮೈನ್ ಉಕ್ಕು ತಗ್ಗುವುದು ಕಂಡಿತು.

ಎರಡು ದಾರಿಗಳ ನಡುವೆ

ನಮ್ಮ ಮುಂದೆ ಎರಡು ಸಮಸ್ಯೆಗಳಿದ್ದವು, ಭ್ರಮೆ ಮತ್ತು ಡಿಸ್ಕೈನೇಸಿಯಾ. ಮಿದುಳಿಗೆ ತಂತಿ ಇಟ್ಟು ಪ್ರಚೋದಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆ ಭ್ರಮೆಯಿರುವವರೆಗೆ ಯೋಚಿಸುವಂತಿರಲಿಲ್ಲ. ಯಾವ ಸಮಸ್ಯೆಯನ್ನು ಮೊದಲು ಹಿಡಿಯಬೇಕು ಎಂಬ ಚರ್ಚೆಯಲ್ಲಿ ಮಗ ಕುಣಿತವನ್ನೂ ಸೊಸೆ ಭ್ರಮೆಯನ್ನೂ ಮುಂದಿಟ್ಟರು. ರಾತ್ರಿ ಎದ್ದು ತೋಟಕ್ಕೆ ಇಳಿಯುವವರನ್ನು ಕಾಯುತ್ತಿದ್ದವರು ಸೊಸೆ. ಆಕೆಯ ಮಾತಿಗೇ ಹೆಚ್ಚು ತೂಕ ಕೊಟ್ಟೆವು.

ಮೊದಲು ಭ್ರಮೆಗೆಂದು ಕ್ವೆಟಿಯಪಿನ್ 12.5 ಮಿಲಿಗ್ರಾಂನಿಂದ ಆರಂಭಿಸಿ 50ರವರೆಗೆ ಏರಿಸಲಾಯಿತು. ಚಲನೆ ಕೆಡಲಿಲ್ಲ, ರಾತ್ರಿ ನಿದ್ದೆ ಬಂತು, ಆದರೆ ಹಗಲೂ ತೂಕಡಿಕೆ, ಮಕ್ಕಳು ಹೋಗಲಿಲ್ಲ. ಕ್ವೆಟಿಯಪಿನ್ ಎಲ್ಲೆಡೆ ಮೊದಲ ಆಯ್ಕೆಯಾಗಿರುವುದು ಸುರಕ್ಷಿತ ಎಂಬ ಕಾರಣಕ್ಕೆ. ಪ್ರಯೋಗಗಳಲ್ಲಿ ಅದರ ಪರಿಣಾಮ ಅಷ್ಟು ಗಟ್ಟಿಯಾಗಿ ಕಂಡಿಲ್ಲ.

ನಂತರದ ಆಯ್ಕೆ ಕ್ಲೋಜಪಿನ್. ಪಾರ್ಕಿನ್ಸನ್ನಿನ ಭ್ರಮೆಗೆ ಗಟ್ಟಿ ಪುರಾವೆಯಿರುವುದು ಅದಕ್ಕೆ. 1999ರ ಅಮೆರಿಕದ ಪ್ರಯೋಗದಲ್ಲಿ ಸರಾಸರಿ ದಿನಕ್ಕೆ 25 ಮಿಲಿಗ್ರಾಂನಷ್ಟು, ಅಂದರೆ ಸ್ಕಿಜೋಫ್ರೇನಿಯಾದ ಪ್ರಮಾಣದ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ ಕೊಟ್ಟಾಗ ಭ್ರಮೆ ಇಳಿದಿತ್ತು, ಬಿಗಿತ ಹೆಚ್ಚಿರಲಿಲ್ಲ, ನಡುಕವೂ ತಗ್ಗಿತ್ತು. ಕ್ಲೋಜಪಿನ್ ಡಿ2ವನ್ನು ಹಿಡಿದರೂ ಬೇಗ ಬಿಟ್ಟುಬಿಡುತ್ತದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಮುಖ್ಯವಾಗಿ 2ಎ, 2ಸಿ ಮೊದಲಾದ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, 1ಎ ಮೇಲೆ ಸೌಮ್ಯ ಪ್ರಚೋದನೆಯೂ ಇದೆ. ದೃಶ್ಯಭ್ರಮೆಯಿರುವ ಪಾರ್ಕಿನ್ಸನ್ ರೋಗಿಗಳ ದೃಷ್ಟಿಗೆ ಸಂಬಂಧಿಸಿದ ತೊಗಟೆಯಲ್ಲಿ 2ಎ ಗ್ರಾಹಕ ಹೆಚ್ಚಿರುವುದು 2010ರ ಪೆಟ್ ಅಧ್ಯಯನದಲ್ಲಿ ಕಂಡಿತ್ತು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಿಮವಾನ್ಸೆರಿನ್ ಡೋಪಮೈನ್ ಗ್ರಾಹಕವನ್ನು ಮುಟ್ಟದೆ 2ಎ ಮೇಲೆ ಕೆಲಸ ಮಾಡಿ ಭ್ರಮೆಯನ್ನು ಇಳಿಸುವುದು ಈ ವಿವರಣೆಗೆ ದೊಡ್ಡ ಆಧಾರ. ಆ ಔಷಧ ನಮ್ಮ ರೋಗಿಯ ಕೈಗೆಟುಕುವಂತಿರಲಿಲ್ಲ.

ಕ್ಲೋಜಪಿನ್ನಿನ ತೊಡಕು ಬಿಳಿರಕ್ತಕಣ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅವು ಅಪಾಯಕರವಾಗಿ ಕುಸಿಯುತ್ತವೆ. 1975ರಲ್ಲಿ ಫಿನ್ಲೆಂಡಿನಲ್ಲಿ ಸಾವುಗಳಾದ ಮೇಲೆ ಈ ಔಷಧವನ್ನು ಹಲವು ದೇಶಗಳಲ್ಲಿ ಹಿಂತೆಗೆದುಕೊಂಡದ್ದು ಈ ಕಾರಣಕ್ಕೆ. ಆದ್ದರಿಂದ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಆಗಲೇಬೇಕಿತ್ತು. ಮನೆಯಿಂದ ಲ್ಯಾಬ್ ಇರುವ ಪೇಟೆ ದೂರ, ಮಳೆಗಾಲ ಬೇರೆ. ಸಂತೆಯ ದಿನ ಹೇಗೂ ಪೇಟೆಗೆ ಹೋಗುವ ಜೀಪಿನಲ್ಲಿ ರೋಗಿಯನ್ನು ಕರೆದೊಯ್ದು ರಕ್ತ ಕೊಡಿಸುವುದು, ವರದಿಯ ಫೋಟೊವನ್ನು ಅಂದೇ ನಮಗೆ ಕಳಿಸುವುದು, ವರದಿ ಬರದಿದ್ದರೆ ಮುಂದಿನ ವಾರದ ಮಾತ್ರೆ ಕೊಡದಿರುವುದು ಎಂದು ಒಪ್ಪಂದವಾಯಿತು. ಈ ಏರ್ಪಾಟು ಆಗದಿದ್ದರೆ ಕ್ಲೋಜಪಿನ್ ಆರಂಭಿಸುತ್ತಿರಲಿಲ್ಲ. ಔಷಧದ ಆಯ್ಕೆಯಷ್ಟೇ ಮುಖ್ಯವಾದದ್ದು ಆ ಜೀಪು.

ಏನಾಯಿತು

ರಾತ್ರಿ 6.25 ಮಿಲಿಗ್ರಾಂನಿಂದ ಶುರುಮಾಡಿ ಮೂರು ವಾರದಲ್ಲಿ 25ಕ್ಕೆ ತರಲಾಯಿತು. ಮೊದಲ ದಿನಗಳಲ್ಲಿ ಎದ್ದು ನಿಂತಾಗ ರಕ್ತದೊತ್ತಡ ಇಳಿಯುತ್ತಿತ್ತು, ಮಲಬದ್ಧತೆ ಹೆಚ್ಚಾಯಿತು. ಕ್ಲೋಜಪಿನ್ನಿನಲ್ಲಿ ಮಲಬದ್ಧತೆಯನ್ನು ಹಗುರವಾಗಿ ಕಾಣಬಾರದು, ಅದಕ್ಕೆ ಮೊದಲಿನಿಂದಲೇ ಚಿಕಿತ್ಸೆ ಸೇರಿಸಿದ್ದೆವು. ನಾಲ್ಕನೆಯ ವಾರ ಜಗಲಿ ಖಾಲಿಯಾಯಿತು. “ಈಗ ಬರೋದಿಲ್ಲ ಡಾಕ್ಟ್ರೇ, ಅವರ ಮನೆಗೆ ಹೋಗಿರಬೇಕು” ಎಂದು ರೋಗಿ ಸಮಾಧಾನದಿಂದಲೇ ಹೇಳಿದರು. ಬಲಗೈಯ ನಡುಕ ಇಳಿಯಿತು. ಕುಣಿತದ ಸಾಲುಗಳೂ ವಹಿಯಲ್ಲಿ ಕಡಿಮೆಯಾದವು, ಲೆವೊಡೋಪಾ ಬದಲಾಗದೆ ಇದ್ದರೂ. ಡಿಸ್ಕೈನೇಸಿಯಾದ ಮೇಲೆ ಕ್ಲೋಜಪಿನ್ನಿನ ಪರಿಣಾಮವನ್ನು 2004ರ ಪ್ರಯೋಗವೊಂದು ತೋರಿಸಿದೆ. ಅದರ ಶ್ರೇಯಸ್ಸನ್ನು ಒಂದೇ ಗ್ರಾಹಕಕ್ಕೆ ಕೊಡುವುದು ಸರಿಯಾಗದು. ಕ್ಲೋಜಪಿನ್ ಮುಟ್ಟುವ ಗ್ರಾಹಕಗಳ ಪಟ್ಟಿ ಉದ್ದವಾಗಿದೆ.

ಉಳಿದ ಕುಣಿತಕ್ಕೆ ಬಸ್‌ಪಿರೋನ್ 5 ಮಿಲಿಗ್ರಾಂ ಎರಡು ಸಲ ಸೇರಿಸಲಾಯಿತು. ಬೆಳಗಿನ ಮಾತ್ರೆಯ ನಂತರದ ಕುಣಿತ ಇನ್ನಷ್ಟು ಮೆತ್ತಗಾಯಿತು. ಚೆನ್ನಾಗಿದೆಯೆಂದು 10 ಮಿಲಿಗ್ರಾಂ ಮೂರು ಸಲಕ್ಕೆ ಏರಿಸಿದಾಗ ವಹಿಯಲ್ಲಿ ‘ಬಿಗಿತ’ ಎಂಬ ಸಾಲುಗಳು ಹೆಚ್ಚಿದವು. ಸಾರಿಜೋಟಾನ್ ಎಂಬ 1ಎ ಪ್ರಚೋದಕ ದೊಡ್ಡ ಪ್ರಯೋಗಗಳಲ್ಲಿ ಸೋತದ್ದು ನೆನಪಾಯಿತು. ಕಡಿಮೆ ಪ್ರಮಾಣದಲ್ಲಿ 1ಎ ಪ್ರಚೋದನೆ ರಾಫೆಯ ಅನಿಯಂತ್ರಿತ ಬಿಡುಗಡೆಯನ್ನು ತಗ್ಗಿಸುತ್ತದೆ. ಪ್ರಮಾಣ ಏರಿದಂತೆ ರೋಗಿಗೆ ಬೇಕಾದ ಡೋಪಮೈನೂ ಕಡಿಮೆಯಾಗುತ್ತದೆ, ಏಕೆಂದರೆ ಈ ಹಂತದಲ್ಲಿ ಲೆವೊಡೋಪಾದಿಂದ ಡೋಪಮೈನ್ ಮಾಡುತ್ತಿರುವವುಗಳಲ್ಲಿ ಅದೇ ನರಕೋಶಗಳ ಪಾಲು ದೊಡ್ಡದು. ಬಸ್‌ಪಿರೋನ್ ಹೆಚ್ಚಿನ ಪ್ರಮಾಣದಲ್ಲಿ ಡಿ2ವನ್ನೂ ಸ್ವಲ್ಪ ಮುಚ್ಚುತ್ತದೆ. ಮತ್ತೆ 5 ಮಿಲಿಗ್ರಾಂ ಎರಡು ಸಲಕ್ಕೆ ಇಳಿಸಿ ಅಲ್ಲಿಯೇ ನಿಲ್ಲಿಸಲಾಯಿತು.

ಇದರಿಂದ ನಮ್ಮ ವಾರ್ಡಿನಲ್ಲಿ ಬದಲಾದದ್ದು

ಪಾರ್ಕಿನ್ಸನ್ ರೋಗಿಯ ಲೆವೊಡೋಪಾ ಏರಿಸುವ ಮೊದಲು ಹೊಟ್ಟೆ, ವಾಂತಿ, ತಲೆಸುತ್ತಿಗೆ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಕಣ್ಣಾರೆ ನೋಡುವುದು ಈಗ ನಮ್ಮಲ್ಲಿ ಕಡ್ಡಾಯ. ಸಿನ್ನರಿಜಿನ್, ಫ್ಲೂನರಿಜಿನ್, ಪ್ರೊಕ್ಲೋರ್‌ಪೆರಜಿನ್, ಮೆಟೊಕ್ಲೊಪ್ರಮೈಡ್, ಲೆವೊಸಲ್ಪಿರೈಡ್ ಇವುಗಳಲ್ಲಿ ಒಂದಾದರೂ ಸಿಗುವ ಚೀಲಗಳು ಅಪರೂಪವಲ್ಲ. ರೋಗಿಗಳ ಕಿಸೆಯಲ್ಲಿ ಇರಲೆಂದು ಕನ್ನಡದಲ್ಲಿ ಒಂದು ಚೀಟಿ ಮುದ್ರಿಸಿದ್ದೇವೆ: ಈ ಮೇಲಿನವು ಬೇಡ, ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಕೂಡ ಬೇಡ, ವಾಂತಿಗೆ ಡೊಂಪೆರಿಡೋನ್ ಅಥವಾ 3ನೇ ಬಗೆಯ ಸೆರೊಟೋನಿನ್ ಗ್ರಾಹಕವನ್ನು ಮುಚ್ಚುವ ಒಂಡಾನ್ಸೆಟ್ರಾನ್ ಆಗಬಹುದು, ಇಸಿಜಿ ನೋಡಿಕೊಂಡು. ಭ್ರಮೆಯ ಬಗ್ಗೆ ರೋಗಿಗಳು ತಾವಾಗಿ ಹೇಳುವುದಿಲ್ಲವಾದ್ದರಿಂದ, ಪ್ರತಿ ಭೇಟಿಯಲ್ಲೂ ನಾವೇ ಕೇಳುತ್ತೇವೆ, ಮನೆಯವರನ್ನೂ ಬೇರೆಯಾಗಿ ಕೇಳುತ್ತೇವೆ.

ವರ್ಷ ಕಳೆದ ಮೇಲೆ ರೋಗಿ ಲೆವೊಡೋಪಾ 525, ಕ್ಲೋಜಪಿನ್ 25, ಬಸ್‌ಪಿರೋನ್ 10, ಎಸ್‌ಸಿಟಾಲೊಪ್ರಾಮ್ 10 ಮಿಲಿಗ್ರಾಂನಲ್ಲಿದ್ದಾರೆ. ರಕ್ತಪರೀಕ್ಷೆ ಈಗ ತಿಂಗಳಿಗೊಮ್ಮೆ. ಮನೆಯೊಳಗೆ ಆಸರೆಯಿಲ್ಲದೆ ನಡೆಯುತ್ತಾರೆ, ಬೆಳಗಿನ ಎರಡನೆಯ ಮಾತ್ರೆಯ ನಂತರದ ಒಳ್ಳೆಯ ಹೊತ್ತಿನಲ್ಲಿ ಹೂ ಕಟ್ಟುತ್ತಾರೆ. ತುಟಿಯ ಚಪ್ಪರಿಕೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದಕ್ಕೆ ಟೆಟ್ರಾಬೆನಜಿನ್ ಕೊಡುವ ಯೋಚನೆ ಒಮ್ಮೆ ಬಂದಿತ್ತು. ಅದು ಡೋಪಮೈನ್ ಮತ್ತು ಸೆರೊಟೋನಿನ್ ಎರಡನ್ನೂ ಕೋಶಿಕೆಗಳಿಗೆ ತುಂಬಲು ಬಿಡದ ಔಷಧ. ಬಿಗಿತ ಮತ್ತು ಖಿನ್ನತೆ ಎರಡನ್ನೂ ಹೆಚ್ಚಿಸಬಲ್ಲದು. ರೋಗಿಯನ್ನೇ ಕೇಳಿದಾಗ, ತುಟಿ ತನ್ನ ಪಾಡಿಗೆ ಆಡಿಕೊಂಡಿರಲಿ, ಇನ್ನೊಂದು ಮಾತ್ರೆ ಬೇಡ ಎಂದರು. ಟೆಟ್ರಾಬೆನಜಿನ್ ಬರೆದಿಲ್ಲ.